ಜಬಲ್ ಹಫೀತ್ ಏರಿನಲ್ಲಿ ನಿಂತು ರೇಸ್ ನೋಡಿದ್ದು: ನನ್ನ ಅನುಭವ

ಶಿರಸಿ-ಕುಮಟಾ ಕಡೆ ಸೈಕಲ್ ತುಳಿಯುವವರಿಗೆ ಯುಎಇ ಟೂರ್ ಅಂದರೆ ಏನು, ಪೊಗಾಚಾರ್ ಯಾರು ಅಂತ ನಾನು ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟು: ಅದು ಯುಎಇ ದೇಶದಲ್ಲಿ ದಿನಕ್ಕೊಂದು ಹಂತದಂತೆ ಏಳು ದಿನ ನಡೆಯುವ ಸೈಕಲ್ ರೇಸ್, ಆತ ಟೂರ್ ಡಿ ಫ್ರಾನ್ಸ್ ಗೆದ್ದ ಸವಾರ. ಆದರೆ ಅದನ್ನು ರಸ್ತೆ ಬದಿ ನಿಂತು, ಐವತ್ತು ಸಾವಿರದೊಳಗೆ, ಸರಿಯಾಗಿ ನೋಡಿ ಬರಬಹುದು ಎಂದಾಗ ನಕ್ಕವರು ನಮ್ಮ ಗುಂಪಿನವರೇ. "ಹತ್ತು ಸೆಕೆಂಡು ಸೈಕಲ್ ನೋಡಲೆ ದುಬೈಗೆ ಹೋಗ್ತ್ಯ ಮಾರಾಯ?" ಎಂದರು. ಮನೆಯಲ್ಲಿ ಇನ್ನೂ ಖಾರವಾಗಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದರು. 2025ರ ಫೆಬ್ರವರಿ ನಂತರ ಅದೇ ಗುಂಪಿನವರು ಟಿಕೆಟ್ ದರ ಕೇಳಿ ಫೋನ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆದುಬಿಡುತ್ತಿದ್ದೇನೆ.

ಫ್ರಾನ್ಸಿಗೆ ಯಾಕೆ ಹೋಗಲಿಲ್ಲ ಎಂದು ಕೇಳುವವರು ಅಡಿಕೆ ತೋಟ ಇಲ್ಲದವರು. ಟೂರ್ ಡಿ ಫ್ರಾನ್ಸ್ ನಡೆಯುವುದು ಜುಲೈಯಲ್ಲಿ. ನಮಗೆ ಅದು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಹೊತ್ತು. 2023ರ ಜುಲೈ 7ರಂದು ಫ್ರಾನ್ಸಿನ ಬೋರ್ಡೋ ಊರಿನಲ್ಲಿ ಮುಗಿದ ಹಂತವನ್ನು ಫಿಲಿಪ್ಸನ್ ಗೆದ್ದನಲ್ಲ, ಆವತ್ತು ನಾನು ಕೊಟ್ಟಿಗೆಯ ಜಗುಲಿಯಲ್ಲಿ ಅದೇ ಕೊಳೆ ಔಷಧಿ, ಬೋರ್ಡೋ ದ್ರಾವಣ ಕಲಸುತ್ತಿದ್ದೆ. ಷೆಂಗೆನ್ ವೀಸಾ, ಯುರೋಪಿನ ರೂಮು, ಎಲ್ಲ ಸೇರಿ ಎರಡು ಲಕ್ಷಕ್ಕೆ ಕಡಿಮೆಯಿಲ್ಲ. ಯುಎಇ ಟೂರ್ ಫೆಬ್ರವರಿಯಲ್ಲಿ. ಕೊಯ್ಲು ಮುಗಿದಿರುತ್ತದೆ, ಚಾಲಿ ಅಡಿಕೆ ಅಂಗಳದಲ್ಲಿ ಒಣಗುತ್ತಿರುತ್ತದೆ. ವಾರದ ಮಟ್ಟಿಗೆ ಅದನ್ನು ಹರವಿ ಒಟ್ಟುಮಾಡಲು ಅಣ್ಣ ಇದ್ದಾನೆ, ಬೈದುಕೊಂಡಾದರೂ ಮಾಡುತ್ತಾನೆ. ಅಲ್ಲಿ ಉಳಿಯಲು ಭಟ್ಕಳದ ಗೆಳೆಯನ ಮನೆ ಇದೆ, ದುಬೈಯ ದೇರಾದಲ್ಲಿ. ಭಟ್ಕಳ, ಮುರ್ಡೇಶ್ವರ ಕಡೆಯ ಒಬ್ಬರಾದರೂ ಪರಿಚಯದವರು ದುಬೈಯಲ್ಲಿ ಇಲ್ಲದವರು ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಈ ಯೋಜನೆಯ ಅರ್ಧ ಶಕ್ತಿ ಅದೇ.

ಮೊದಲು ಕೈ ಸುಟ್ಟುಕೊಂಡದ್ದನ್ನು ಹೇಳುತ್ತೇನೆ. 2023ರಲ್ಲಿ ದುಬೈ ಹಾರ್ಬರ್‌ನಲ್ಲಿ ಮುಗಿಯುವ ಸಮತಟ್ಟು ಹಂತ ನೋಡಲು ಹೋದೆ. ಮೆಟ್ರೋ ಹಿಡಿದು, ಬಿಸಿಲಲ್ಲಿ ಎರಡು ತಾಸು ಕಾದೆ. ಬಂದರು, ಹೋದರು. ಗಂಟೆಗೆ ಐವತ್ತು-ಅರವತ್ತು ಕಿ.ಮೀ. ವೇಗದಲ್ಲಿ ನೂರಾ ಮೂವತ್ತು ಚಿಲ್ಲರೆ ಸೈಕಲ್ ಒಂದೇ ಗುಂಪಾಗಿ ಹಾದುಹೋದರೆ ಕಣ್ಣಿಗೆ ಸಿಗುವುದು ಬಣ್ಣ, ಕಿವಿಗೆ ಸಿಗುವುದು ಗಾಳಿ. ಫೋಟೋದಲ್ಲಿ ಇದ್ದದ್ದು ಒಬ್ಬನ ಹಿಂದಿನ ಚಕ್ರ ಮತ್ತು ಒಂದು ತಂಡದ ಕಾರು. ಹತ್ತು ಸೆಕೆಂಡು ಎಂದು ನಕ್ಕವರು ಉದಾರಿಗಳು, ಅದು ಎಂಟೂ ಇರಲಿಕ್ಕಿಲ್ಲ.

2024ರಲ್ಲಿ ಅಲ್ ಐನ್ ಊರಿನ ಹತ್ತಿರದ ಜಬಲ್ ಹಫೀತ್ ಬೆಟ್ಟದ ತುದಿಗೇ, ಕೊನೆಯ ಹಂತ ಮುಗಿಯುವಲ್ಲಿಗೆ, ಹೋದೆ. ಕಾರು ಬಾಡಿಗೆ, ಪೆಟ್ರೋಲು, ಊಟ ಸೇರಿ ನಾನೂರು ದಿರ್ಹಮ್ ಹತ್ತಿರ ಹೋಯಿತು. ಅಂತಿಮ ಗೆರೆಯ ಹತ್ತಿರ ಬೇಲಿ, ಬೇಲಿಯ ಮುಂದೆ ಪಾಸ್ ಇದ್ದವರು, ಅವರ ತಲೆಯ ಸಂದಿಯಲ್ಲಿ ದೊಡ್ಡ ಪರದೆ. ಲೆನರ್ಟ್ ವಾನ್ ಏಟ್‌ವೆಲ್ಟ್ ಆ ದಿನ ಹಂತವನ್ನೂ ಗೆದ್ದು, ಬೆನ್ ಓಕಾನರ್‌ಗಿಂತ ಬರೀ 2 ಸೆಕೆಂಡ್ ಮುಂದಾಗಿ ಇಡೀ ಟೂರನ್ನೂ ಗೆದ್ದ. ಅಂಥ ದಿನ ಬೆಟ್ಟದ ಮೇಲೇ ಇದ್ದೂ ನಾನು ನೋಡಿದ್ದು ಪರದೆಯನ್ನು. ಅದನ್ನು ಶಿರಸಿಯಲ್ಲಿ ಕುಳಿತು, ಅವಲಕ್ಕಿ ತಿನ್ನುತ್ತಾ ನೋಡಬಹುದಿತ್ತು. ರೇಸ್ ಮುಗಿದ ಮೇಲೆ ರಸ್ತೆ ಬಿಡುವವರೆಗೆ ಮೇಲೆಯೇ ಸಿಕ್ಕಿಬಿದ್ದೆ. ಕಾರು ತಡವಾಗಿ ಕೊಟ್ಟಿದ್ದಕ್ಕೆ ದಂಡ ಬೇರೆ.

ಊರಿಗೆ ಬಂದ ಮೇಲೆ, ಎಲ್ಲಿ ನಿಂತರೆ ಹೆಚ್ಚು ಹೊತ್ತು ಕಾಣುತ್ತದೆ ಎಂದು ತಿಳಿಯಲು ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಾಟಿನಲ್ಲಿ ಪ್ರಯೋಗ ಶುರುಮಾಡಿದೆ. ಬೆಳಿಗ್ಗೆ ಲಾರಿ ಕಡಿಮೆ ಇರುವಾಗ ನಮ್ಮ ಹುಡುಗರನ್ನು ಕೆಳಗಿನಿಂದ ಹತ್ತಿಸಿ, ನಾನು ಬೇರೆ ಬೇರೆ ತಿರುವಿನಲ್ಲಿ ಗಡಿಯಾರ ಹಿಡಿದು ನಿಂತೆ. ಒಬ್ಬ ಸವಾರ ಕಣ್ಣಿಗೆ ಬಿದ್ದಲ್ಲಿಂದ ಮರೆಯಾಗುವವರೆಗೆ ಎಷ್ಟು ಹೊತ್ತು ಸಿಗುತ್ತಾನೆ ಅನ್ನುವುದಷ್ಟೇ ಲೆಕ್ಕ. ತಿರುವಿನ ಹೊರಬದಿ ನಿಂತರೆ ಒಂದು ಕ್ಷಣ. ಒಳಬದಿಯಲ್ಲಿ, ಅದೂ ತಿರುವು ಮುಗಿದು ಏರು ಜೋರಾಗುವಲ್ಲಿ ನಿಂತರೆ ಅದರ ಮೂರು-ನಾಲ್ಕು ಪಟ್ಟು. ದೇವಿಮನೆಯಲ್ಲಿ ಕಾಡು ಅಡ್ಡ, ಕೆಳಗಿನ ಸುತ್ತು ಕಾಣುವುದಿಲ್ಲ. ಹಫೀತ್ ಬೋಳು ಕಲ್ಲುಗುಡ್ಡ. ಎರಡು ಸುತ್ತು ಕೆಳಗಿನ ರಸ್ತೆಯೂ ಅಂಗೈಯಂತೆ ಕಾಣುತ್ತದೆ ಎನ್ನುವುದು ಹಿಂದಿನ ವರ್ಷ ಕಾರಿನಲ್ಲಿ ಹತ್ತುವಾಗಲೇ ಗಮನಕ್ಕೆ ಬಂದಿತ್ತು. ನಮ್ಮ ಹುಡುಗರು ಅಂಥ ಏರಿನಲ್ಲಿ ಗಂಟೆಗೆ ಹನ್ನೊಂದು-ಹನ್ನೆರಡು ಕಿ.ಮೀ. ವೇಗ, ರೇಸಿನವರು ಇಪ್ಪತ್ತೆರಡರಿಂದ ಇಪ್ಪತ್ತೈದು. ಅಂದರೆ ನನ್ನ ಲೆಕ್ಕವನ್ನು ಅರ್ಧ ಮಾಡಿದರೆ ಸಾಕು.

ಹಫೀತ್ ಏರು ಸುಮಾರು ಹನ್ನೊಂದು ಕಿ.ಮೀ. ಉದ್ದ, ಕಡಿದು ಸರಾಸರಿ ಆರೂವರೆ-ಏಳು ಶೇಕಡಾ, ಅಂದರೆ ನೂರು ಮೀಟರಿಗೆ ಆರೂವರೆ-ಏಳು ಮೀಟರ್ ಎತ್ತರ. ಗೆರೆಗೆ 3 ಕಿ.ಮೀ. ಇರುವಾಗ 11 ಶೇಕಡಾ ಮುಟ್ಟುತ್ತದೆ, ಆಮೇಲೆ ಸಡಿಲ. ನಕ್ಷೆ ನೋಡಿದವರೆಲ್ಲ ಆ 11ರ ಹತ್ತಿರವೇ ಹೋಗಿ ನಿಲ್ಲುತ್ತಾರೆ. ನಾನು ಅಲ್ಲಿ ನಿಲ್ಲಲಿಲ್ಲ. ಅದಕ್ಕಿಂತ ಕೆಳಗೆ ಒಂದು ಜಾಗ ಇದೆ, ಒಳಬದಿ, ಮಧ್ಯಾಹ್ನದ ಮೇಲೆ ಬಂಡೆಯ ನೆರಳೂ ಬೀಳುತ್ತದೆ. ಎಷ್ಟನೇ ಕಿಲೋಮೀಟರ್ ಎಂದು ಬರೆಯುವುದಿಲ್ಲ. ಮುಂದಿನ ಸಲ ನನಗೇ ಬೇಕು.

2025ರಲ್ಲಿ ಕೊನೆಯ ಹಂತ ಫೆಬ್ರವರಿ 23, ಭಾನುವಾರ. ಅಲ್ ಐನ್ ಊರಿನ ಹಝ್ಝಾ ಬಿನ್ ಝಾಯೆದ್ ಕ್ರೀಡಾಂಗಣದಿಂದ ಹೊರಟು 176 ಕಿ.ಮೀ. ಸುತ್ತಿ ಹಫೀತ್ ತುದಿಗೆ. ಈ ಬಾರಿ ಕಾರಿನ ಗೊಡವೆಗೆ ಹೋಗಲಿಲ್ಲ. ದುಬೈಯ ಅಲ್ ಘುಬೈಬಾ ನಿಲ್ದಾಣದಿಂದ ಅಲ್ ಐನ್‌ಗೆ ಇ201 ಬಸ್ಸು, ಇಪ್ಪತ್ತೈದು ದಿರ್ಹಮ್ ಆಸುಪಾಸು. ಅಲ್ ಐನ್‌ನಿಂದ ಟ್ಯಾಕ್ಸಿಯಲ್ಲಿ ಬೆಟ್ಟದ ಬುಡದ ಗ್ರೀನ್ ಮುಬಝ್ಝರಾ ಪಾರ್ಕಿಗೆ. ಅಲ್ಲಿಂದ ನಡಿಗೆ. ರಸ್ತೆ ಬಂದ್ ಆಗುವುದರೊಳಗೆ ಏರಿಬಿಡಬೇಕು, ಹಾಗಾಗಿ ಬೆಳಿಗ್ಗೆಯೇ ಹೊರಟಿದ್ದೆ. ರಸ್ತೆ ಮೂರು ಲೇನು, ಎರಡು ಏರಲು, ಒಂದು ಇಳಿಯಲು. ಅಂಚಿನಲ್ಲಿ ನಡೆಯಲು ತೊಂದರೆಯಿಲ್ಲ. ಯಾಣಕ್ಕೆ ನಡೆದು ಹೋದವರಿಗೆ ಇದೇನೂ ಅಲ್ಲ. ಮಡಚುವ ಸ್ಟೂಲು, ನಾಲ್ಕು ಲೀಟರ್ ನೀರು, ಚಪಾತಿ, ಟೊಪ್ಪಿ. ಫೆಬ್ರವರಿಯಾದರೂ ಬಿಸಿಲು ನೆತ್ತಿ ಸುಡುತ್ತದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಮುರುಗಲು (ಕೋಕಂ) ರಸಕ್ಕೆ ಉಪ್ಪು-ಬೆಲ್ಲ ಹಾಕಿ ಕುಡಿದರೆ ಅಂಗಡಿಯ ಎಲೆಕ್ಟ್ರೋಲೈಟ್ ಪುಡಿ ಬೇಡ ಎನ್ನುವುದು ನನ್ನ ಹಳೆಯ ವಾದ. ಅರಬೈಲು ಘಾಟಿನಲ್ಲಿ ಅದರ ಮೇಲೇ ಹತ್ತಿದ್ದೇನೆ. ಗಟ್ಟಿ ರಸ ಒಯ್ದಿದ್ದೆ, ಬ್ಯಾಗಿನಲ್ಲಿ ಮುಚ್ಚಳ ಸಡಿಲಾಗಿ ಎರಡು ಅಂಗಿ ಕೆಂಪಾದವು. ಉಳಿದದ್ದು ಬೆಟ್ಟದ ಮೇಲೆ ಅಮೃತ. ಪಕ್ಕದಲ್ಲಿ ನಿಂತಿದ್ದ ಫಿಲಿಪ್ಪೀನ್ಸ್ ಸವಾರರ ಗುಂಪು ಎರಡೆರಡು ಸಲ ಕೇಳಿ ಕುಡಿದರು. ಕವಳದ (ಎಲೆ-ಅಡಿಕೆಯ) ಸಂಚಿ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ, ಪಾನ್ ಸಾಮಗ್ರಿ ಅಲ್ಲಿ ನಿಷಿದ್ಧ. ಗಸಗಸೆಯೂ ಬೇಡ. ಅಡಿಕೆ ಬೆಳೆಗಾರ ವಾರಗಟ್ಟಲೆ ಕವಳವಿಲ್ಲದೆ ಇದ್ದ ಕಷ್ಟವನ್ನು ಯಾವ ಖರ್ಚಿನ ಪಟ್ಟಿಯಲ್ಲಿ ಸೇರಿಸುವುದೋ ಗೊತ್ತಿಲ್ಲ. ಇನ್ನೊಂದು, ರೇಸನ್ನು ವಾಟ್ಸ್ಯಾಪ್ ವಿಡಿಯೋ ಕರೆಯಲ್ಲಿ ಊರಿನ ಗುಂಪಿಗೆ ನೇರ ತೋರಿಸುತ್ತೇನೆ ಎಂದು ಕೊಚ್ಚಿಕೊಂಡಿದ್ದೆ. ಆ ದೇಶದಲ್ಲಿ ವಾಟ್ಸ್ಯಾಪ್ ಕರೆ ನಡೆಯುವುದೇ ಇಲ್ಲ. ಮೆಸೇಜು ಹೋಗುತ್ತದೆ, ವಿಡಿಯೋ ತುಣುಕು ಹೋಗುತ್ತದೆ, ಕರೆ ಇಲ್ಲ.

ಬರುವ ಹೊತ್ತನ್ನು ಹಂತದ ವೇಳಾಪಟ್ಟಿಯಿಂದ ಲೆಕ್ಕ ಹಾಕಿದ್ದೆ. ಅದರಲ್ಲಿ ಬೇರೆ ಬೇರೆ ಸರಾಸರಿ ವೇಗಕ್ಕೆ ಬೇರೆ ಬೇರೆ ಸಮಯ ಕೊಟ್ಟಿರುತ್ತಾರೆ. ಮಧ್ಯದ್ದನ್ನು ಹಿಡಿದು, ಮರುಭೂಮಿಯ ಗಾಳಿ ಯಾವ ಕಡೆಯಿಂದ ಎಂದು ನೋಡಿ ಕೂಡಿಸಿ ಕಳೆದೆ. ಅಡ್ಡಗಾಳಿ ಬಿದ್ದರೆ ಗುಂಪು ತುಂಡು ತುಂಡಾಗಿ ವೇಗ ಏರಿಬಿಡುತ್ತದೆ, 2023ರ ಮೊದಲ ಹಂತದಲ್ಲೇ ಹಾಗಾಗಿತ್ತು. ಫಿಲಿಪ್ಪೀನ್ಸ್ ಹುಡುಗರಿಗೆ ಹೇಳಿದ ಹೊತ್ತಿಗೂ ಹೆಲಿಕಾಪ್ಟರ್ ಕಂಡ ಹೊತ್ತಿಗೂ ಎರಡು ನಿಮಿಷದ ವ್ಯತ್ಯಾಸ. ಅಲ್ಲಿಂದ ಅವರು ನನ್ನನ್ನು 'ಕೋಚ್' ಎನ್ನತೊಡಗಿದರು, ನಾನು ಬೇಡ ಎನ್ನಲಿಲ್ಲ.

ಮೊದಲು ಕೆಳಗಿನ ಸುತ್ತಿನಲ್ಲಿ ಮೋಟರ್‌ಬೈಕ್‌ಗಳ ದೀಪ. ಆಮೇಲೆ ಕೆಂಪು ಚುಕ್ಕೆಯೊಂದು. ಪೊಗಾಚಾರ್, ಮುನ್ನಡೆಯ ಕೆಂಪು ಜೆರ್ಸಿಯಲ್ಲಿ, ನಮ್ಮ ತಿರುವಿಗೆ ಬರುವಾಗಲೇ ಒಬ್ಬನೇ. ಹತ್ತು ಅಡಿ ದೂರದಲ್ಲಿ ಹಾದುಹೋದಾಗ ಚೈನಿನ ಸದ್ದು ಬಿಟ್ಟರೆ ಏನೂ ಇಲ್ಲ, ಜನರೂ ಒಂದು ಕ್ಷಣ ಕೂಗಲು ಮರೆತಿದ್ದರು. ಹಿಂದೆ ಬೆನ್ನಟ್ಟಿದವರು, ಅದರಲ್ಲಿ ಆ ಟೂರಿನಲ್ಲಿ ಎರಡನೆಯವನಾದ ಚಿಕೋನೆ. ಅವರ ಉಸಿರು ಕೇಳುತ್ತದೆ, ಬಾಯಿ ತೆರೆದಿರುತ್ತದೆ, ತೊಡೆಯ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ.

ಆದರೆ ನನ್ನ ವಿಧಾನದ ಲಾಭ ಇದಾದ ಮೇಲೆ. ಮುಂದಿನವರು ಹೋದ ಕೂಡಲೇ ಎಲ್ಲರೂ ಫೋನಿನಲ್ಲಿ ಅಂತ್ಯ ನೋಡಲು ತಲೆ ತಗ್ಗಿಸುತ್ತಾರೆ. ನೀವು ತಗ್ಗಿಸಬೇಡಿ. ತಂಡಕ್ಕಾಗಿ ವೇಗ ಎಳೆದು ಕೆಲಸ ಮುಗಿಸಿದವರು ಆಮೇಲೆ ಒಬ್ಬೊಬ್ಬರಾಗಿ ಬರುತ್ತಾರೆ, ಜಿಪ್ ಪೂರ್ತಿ ಬಿಚ್ಚಿ, ಪಕ್ಕದವನ ಜೊತೆ ಮಾತಾಡುತ್ತಾ. ಯಾವ ಟಿವಿಯೂ ತೋರಿಸದ ಆಟ ಇದು. ಒಬ್ಬ ಅರ್ಧ ಕ್ಯಾನ್ ಕೋಲಾ ಕುಡಿದು ಉಳಿದದ್ದನ್ನು ತಲೆಗೆ ಸುರಿದುಕೊಂಡ. ಕೊನೆಯ ಗುಂಪು ಹಾದುಹೋಗುವಾಗ ಮುಂದಿನವನು ಗೆದ್ದು ಎಷ್ಟೋ ಹೊತ್ತಾಗಿತ್ತು. ಒಟ್ಟು ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದ ರೇಸ್ ಸಿಕ್ಕಿತು ನನಗೆ.

ಸವಾರರು ಎಸೆಯುವ ನೀರಿನ ಬಾಟಲಿಯೂ ಸಿಕ್ಕಿತು. 2021ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಬಾಟಲಿ ಎಸೆಯುವುದಕ್ಕೆ ಕಡಿವಾಣ ಹಾಕಿ, ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್‌ನಲ್ಲಿ ಅಭಿಮಾನಿಗಳಿಗೆ ಬಾಟಲಿ ಕೊಟ್ಟ ಸವಾರ ಮಿಖಾಯೆಲ್ ಷೇರ್‌ನನ್ನು ರೇಸಿನಿಂದಲೇ ಹೊರಹಾಕಿತ್ತು, ಆಮೇಲೆ ನಿಯಮ ಸಡಿಲಿಸಿತು. ನಾನು ಹೇಗೆ ಗಿಟ್ಟಿಸಿದೆ ಎನ್ನುವುದು ನನ್ನಲ್ಲೇ ಇರಲಿ. ಕೂಗಿ ಕೇಳಿದರೆ ಸಿಗುವುದಿಲ್ಲ, ಅಷ್ಟು ಹೇಳಬಲ್ಲೆ.

ಖರ್ಚು ನೆನಪಿನ ಮೇಲೆ: ಮಂಗಳೂರಿನಿಂದ ಹೋಗಿ ಬರುವ ವಿಮಾನ ಇಪ್ಪತ್ತೆರಡು-ಇಪ್ಪತ್ಮೂರು ಸಾವಿರ, ಎರಡು ತಿಂಗಳು ಮೊದಲೇ ಮಾಡಿದ್ದಕ್ಕೆ. ವೀಸಾ, ವಿಮೆ ಒಂಬತ್ತು ಸಾವಿರದ ಹತ್ತಿರ. ಅದರಲ್ಲಿ ಏಜೆಂಟ್ ಒಬ್ಬ ಸುಮ್ಮನೆ ತಿಂದದ್ದು ಸಾವಿರದೈನೂರು. ಅಲ್ಲಿಯ ಓಡಾಟ, ಊಟ ಮುನ್ನೂರು ದಿರ್ಹಮ್ ಚಿಲ್ಲರೆ, ಆಗ ದಿರ್ಹಮಿಗೆ ಇಪ್ಪತ್ಮೂರೂವರೆ ರೂಪಾಯಿ ಇತ್ತು. ಭಟ್ಕಳದ ಗೆಳೆಯನಿಗೆ ಒಯ್ದ ತೊಡದೇವು, ಅಪ್ಪೆಮಿಡಿ ಉಪ್ಪಿನಕಾಯಿ, ಕುಮಟಾಕ್ಕೆ ಬಸ್ಸು, ಅಲ್ಲಿಂದ ರೈಲು, ಎಲ್ಲ ಹಿಡಿದರೂ ನಲವತ್ತೈದು ಸಾವಿರ ದಾಟಲಿಲ್ಲ. 2025ರ ಟೂರಿನಲ್ಲಿದ್ದ ಇನ್ನೊಂದು ಬೆಟ್ಟದ ಹಂತ, ಜಬಲ್ ಜೈಸ್ ಬಗ್ಗೆ ಕೇಳುವವರಿಗೆ: ಏರು ಉದ್ದ, ಆದರೆ ಹಫೀತ್‌ನಷ್ಟು ಕಡಿದಲ್ಲ, ಗುಂಪು ಅಷ್ಟಾಗಿ ಒಡೆಯದೆ ಬರುತ್ತದೆ, ಹೋಗಲು ಕಾರು ಇದ್ದರೆ ಒಳ್ಳೆಯದು. ನಾಲ್ಕು ಜನ ಸೇರಿದರೆ ಗಿಟ್ಟೀತು. ಬರುವವರು ದೀಪಾವಳಿಯೊಳಗೆ ಹೇಳಿ, ಟಿಕೆಟ್ ಆಗಲೇ ಮಾಡಬೇಕು.