ಹಳೇ ಜೀಪಿಗೆ ಬೇರೆ ಎಂಜಿನ್: ಹೆಡರ್ ಆರಿಸುವುದು ಹೇಗೆ?

ಘಟ್ಟದ ಬುಡದ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಮಹೀಂದ್ರಾದ ಎಂಎಂ 540, ಎಂಎಂ 550, ಕಮಾಂಡರ್ ಜೀಪುಗಳಿಗೆ ಮೂಲ ಎಂಜಿನ್ ಸೋತ ಮೇಲೆ ಬೇರೆ ಎಂಜಿನ್ ಕೂರಿಸುವವರಿದ್ದಾರೆ. ಮೌಂಟು, ಅಡಾಪ್ಟರ್ ಪ್ಲೇಟು, ರೇಡಿಯೇಟರ್ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರೂ ಹೆಡರ್ (ಎಂಜಿನ್ನಿನ ಹೊಗೆಯನ್ನು ಸೈಲೆನ್ಸರಿನತ್ತ ಒಯ್ಯುವ ಕೊಳವೆಗಳ ಜೋಡಣೆ) ಮಾತ್ರ ಹೊಳಪು ನೋಡಿ ಕೊಂಡುಬಿಡುತ್ತಾರೆ. ಆಮೇಲೆ ಶುರುವಾಗುತ್ತದೆ ತಾಪತ್ರಯ: ಸ್ಟೀರಿಂಗ್ ಶಾಫ್ಟಿಗೆ ತಾಗುತ್ತದೆ, ಸ್ಟಾರ್ಟರ್ ಬಿಸಿಗೆ ಬೇಯುತ್ತದೆ, ಏರಿನಲ್ಲಿ ಪುಲ್ಲಿಂಗ್ ಇಲ್ಲ, ಎರಡನೇ ಮಳೆಗಾಲಕ್ಕೆ ತುಕ್ಕು ಹಿಡಿದು ತೂತು.

ಒಂದು ಮಾತು ಮೊದಲೇ. ನೋಂದಣಿ ಪುಸ್ತಕದಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. ಮಂಗಳೂರಿನ ಕೆಎ 19 ಇರಲಿ, ಉಡುಪಿಯ ಕೆಎ 20 ಇರಲಿ, ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಸಿಕ್ಕ ಮೇಲೆಯೇ ಎಂಜಿನ್‌ಗೆ ಕೈ ಹಚ್ಚಿ.

ಹೆಡರ್ ನಿಜವಾಗಿ ಬೇಕೇ?

ಹೊಸ ಎಂಜಿನ್ ಟರ್ಬೊ ಡೀಸೆಲ್ ಆಗಿದ್ದರೆ ಬೇಡ. ಟರ್ಬೊ ತಿರುಗುವುದೇ ಹೊಗೆಯ ಬಿಸಿ ಮತ್ತು ಒತ್ತಡದಿಂದ. ತೆಳು ಕೊಳವೆಗಳಲ್ಲಿ ಆ ಬಿಸಿ ದಾರಿಯಲ್ಲೇ ಸೋರಿಹೋಗುತ್ತದೆ, ಮೇಲಾಗಿ ಟರ್ಬೊ ಭಾರಕ್ಕೆ ವೆಲ್ಡ್ ಬಿರಿಯುತ್ತದೆ. ಕಂಪನಿಯ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್, ಅಂದರೆ ಹೆಡರಿನ ಜಾಗದಲ್ಲಿರುವ ಮೂಲ ಹೊಗೆಕೊಳವೆ, ಹಾಗೇ ಇಟ್ಟು ಟರ್ಬೊದಿಂದ ಕೆಳಗಿನ ಪೈಪನ್ನಷ್ಟೇ ಹೊಸದಾಗಿ ಮಾಡಿಸಿ. ಪೆಟ್ರೋಲ್ ಎಂಜಿನ್ನಿಗೂ ಅಷ್ಟೇ: ಅದರ ಸ್ವಂತ ಬೀಡಿನ ಮ್ಯಾನಿಫೋಲ್ಡ್ ಚಾಸಿಗೆ ತಾಗದೆ ಕೂರುವುದಾದರೆ, ತೋಟದ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದ್ದರೆ, ಅದರ ಬಾಯಿ ನೇರ ಚಾಸಿ ಪಟ್ಟಿಯ ಮೇಲೋ ಸ್ಟೀರಿಂಗ್ ಬಾಕ್ಸಿನ ಮೇಲೋ ಬರುತ್ತಿದ್ದರೆ ಮಾತ್ರ ಹೆಡರಿನ ಯೋಚನೆ ಮಾಡಿ.

ಇನ್‌ಟೇಕ್ (ಗಾಳಿ-ಪೆಟ್ರೋಲ್ ಒಳಹೋಗುವ ದಾರಿ) ಮತ್ತು ಎಕ್ಸಾಸ್ಟ್ (ಹೊಗೆ ಹೊರಬರುವ ದಾರಿ) ಒಂದೇ ಬದಿಯಲ್ಲಿರುವ ಕಾರ್ಬ್ಯುರೇಟರ್ ಎಂಜಿನ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೀಡಿನ ಮ್ಯಾನಿಫೋಲ್ಡ್ ಮೇಲಿನ ಇನ್‌ಟೇಕನ್ನು ಬೆಚ್ಚಗಿಡುತ್ತದೆ. ಹೆಡರ್ ಹಾಕಿದರೆ ಆ ಬಿಸಿ ತಪ್ಪಿ ಬೆಳಿಗ್ಗೆ ಎಂಜಿನ್ ಕೆಮ್ಮುತ್ತದೆ. ಮಧ್ಯಾಹ್ನ ಅದೇ ಹೆಡರಿನ ಕಾವಿಗೆ ಕಾರ್ಬ್ಯುರೇಟರಿನ ಪೆಟ್ರೋಲ್ ಕುದಿಯುತ್ತದೆ. ನಡುವೆ 1 ಮಿ.ಮೀ. ಅಲ್ಯುಮಿನಿಯಂ ತಗಡನ್ನು ಹೆಡರಿಗೆ ತಾಗದಂತೆ, 10-12 ಮಿ.ಮೀ. ಗಾಳಿಯ ಸಂದು ಬಿಟ್ಟು ಕಟ್ಟಬೇಕು.

ಜಾಗ ಅಳೆಯುವುದು

ಹೆಡರ್ ಕೊನೆಗೆ ಬರಬೇಕಾದ ಸಾಮಾನು. ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ಬ್ರೇಕ್ ಪೈಪು, ಸ್ಟಾರ್ಟರ್, ಕ್ಲಚ್ ಲಿಂಕ್ ಎಲ್ಲವೂ ತಮ್ಮ ಖಾಯಂ ಜಾಗದಲ್ಲಿ ಕೂತ ಮೇಲೆಯೇ ಅಳತೆ. ಹೊರದೇಶದಿಂದ ತರಿಸುವ ರೆಡಿಮೇಡ್ ಹೆಡರ್‌ಗಳಲ್ಲಿ ಹಲವು ಎಡಗೈ ಸ್ಟೀರಿಂಗ್ ವಾಹನಕ್ಕೆ ಮಾಡಿದವು. ನಮ್ಮ ಸ್ಟೀರಿಂಗ್ ಶಾಫ್ಟ್ ಬಲಬದಿಯಲ್ಲಿ ಇಳಿಯುತ್ತದೆ. ಎಕ್ಸಾಸ್ಟೂ ಬಲಕ್ಕೇ ಇದ್ದರೆ ಅಂಥ ಹೆಡರ್ ಕೂರುವುದು ಅನುಮಾನ.

ಅಳತೆಗೆ ಲೇಸರ್ ಬೇಡ, ತೋಟಕ್ಕೆ ನೀರು ಹಾಯಿಸುವ ಒಂದಿಂಚಿನ ಹೋಸ್ ಸಾಕು. ಅದರ ಹೊರವ್ಯಾಸ ಹೆಚ್ಚುಕಡಿಮೆ 32 ಮಿ.ಮೀ., ಸಣ್ಣ ಹೆಡರ್ ಕೊಳವೆಯಷ್ಟೇ. ನಾಲ್ಕು ತುಂಡು ಕತ್ತರಿಸಿ, ಒಳಗೆ ದಪ್ಪ ತಂತಿ ತೂರಿಸಿ ಪ್ರತಿ ಪೋರ್ಟಿನಿಂದ (ಹೆಡ್ಡಿನಲ್ಲಿ ಹೊಗೆ ಹೊರಬರುವ ತೂತು) ಕೊಳವೆಗಳು ಕೂಡುವ ಜಾಗದ ತನಕ ಬಗ್ಗಿಸುತ್ತಾ ಹೋಗಿ. ಪೋರ್ಟಿನಿಂದ ಹೊರಬಂದ ಮೊದಲ 40-50 ಮಿ.ಮೀ. ನೇರವಾಗಿರಲಿ. ಅಲ್ಲಿಂದ ಮುಂದಿನ ತಿರುವಿನ ತ್ರಿಜ್ಯ ಪೈಪಿನ ವ್ಯಾಸದ ಒಂದೂವರೆ ಪಟ್ಟಿಗಿಂತ ಕಡಿಮೆಯಾಗಬಾರದು.

ರಬ್ಬರ್ ಮೌಂಟಿನ ಮೇಲೆ ಕೂತ ಎಂಜಿನ್ ಓಲಾಡುತ್ತದೆ ಎಂಬುದನ್ನು ಮರೆಯಬೇಡಿ. ಸ್ಟೀರಿಂಗ್ ಶಾಫ್ಟಿನಿಂದ ಕನಿಷ್ಠ 25 ಮಿ.ಮೀ., ಬ್ರೇಕ್ ಹೋಸ್ ಮತ್ತು ವೈರಿಂಗಿನಿಂದ 50 ಮಿ.ಮೀ. ದೂರ ಬಿಡಿ. ಜಾಕ್ ಇಟ್ಟು ಮುಂದಿನ ಒಂದು ಚಕ್ರವನ್ನು ಪೂರ್ತಿ ಎತ್ತಿ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಎಲ್ಲಿಗೆ ಬರುತ್ತದೆ ನೋಡಿ. ನಿಂತ ಗಾಡಿಯಲ್ಲಿ ಕಾಣುವ ಸಂದು ಹೊಳೆಯ ಕಲ್ಲಿನ ಮೇಲೆ ಇರುವುದಿಲ್ಲ. ಕೊಳವೆಗಳು ಕೂಡುವ ಕಲೆಕ್ಟರ್ ಚಾಸಿ ಪಟ್ಟಿಯ ಕೆಳ ಅಂಚಿಗಿಂತ ಮೇಲೆಯೇ ಇರಬೇಕು. ಉದ್ದ ಕೊಳವೆಯ ಹೆಡರ್‌ಗಳು ಜೀಪಿಗೆ ಒಗ್ಗದಿರುವುದಕ್ಕೆ ಮುಖ್ಯ ಕಾರಣ ಇದೇ, ಮೊದಲ ಮುರಕಲ್ಲಿನ ಮೆಟ್ಟಿಲಿಗೇ ತಾಗಿ ನೆಗ್ಗುತ್ತವೆ.

ಕೊಳವೆಯ ವ್ಯಾಸ: ಹೆಚ್ಚಿನವರು ಎಡವುವುದು ಇಲ್ಲೇ

ದಪ್ಪ ಪೈಪು ಹಾಕಿದರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ ಎಂಬ ನಂಬಿಕೆ ರೇಸ್ ಕಾರಿಗೆ ಸರಿ. ಚಾರ್ಮಾಡಿ, ಆಗುಂಬೆ ಹತ್ತುವ ಜೀಪು ದುಡಿಯುವುದು 1500ರಿಂದ 3000 ಆರ್‌ಪಿಎಂನಲ್ಲಿ. ಆ ವೇಗದಲ್ಲಿ ದಪ್ಪ ಕೊಳವೆಯೊಳಗೆ ಹೊಗೆ ನಿಧಾನವಾಗಿ ಸಾಗುತ್ತದೆ. ಹಿಂದಿನ ಹೊಗೆಯನ್ನು ಎಳೆದು ತೆಗೆಯುವ ರಭಸ ಅದಕ್ಕೆ ಸಿಗುವುದಿಲ್ಲ.

ಲೆಕ್ಕ ಹಾಕಲು ಒಂದು ಅಂದಾಜು ಸೂತ್ರವಿದೆ. ಒಂದು ಸಿಲಿಂಡರಿನ ಸಿ.ಸಿ.ಯನ್ನು, ಟಾರ್ಕ್ (ಎಳೆಯುವ ಬಲ) ಯಾವ ಆರ್‌ಪಿಎಂನಲ್ಲಿ ಬೇಕೋ ಅದರಿಂದ ಗುಣಿಸಿ 2,24,000ದಿಂದ ಭಾಗಿಸಿ. ಬರುವುದು ಕೊಳವೆಯ ಒಳ ವಿಸ್ತೀರ್ಣ, ಚದರ ಸೆಂಟಿಮೀಟರಿನಲ್ಲಿ. ಹಳೇ ಕಾಂಟೆಸ್ಸಾ ಕಾರಿನ 1817 ಸಿ.ಸಿ. ಇಸುಜು ಎಂಜಿನ್ ತೆಗೆದುಕೊಳ್ಳಿ: ಸಿಲಿಂಡರಿಗೆ 454 ಸಿ.ಸಿ. 3000 ಆರ್‌ಪಿಎಂಗೆ ಲೆಕ್ಕ ಹಾಕಿದರೆ 6.08 ಚದರ ಸೆಂ.ಮೀ., ಅಂದರೆ ಒಳವ್ಯಾಸ ಸುಮಾರು 28 ಮಿ.ಮೀ. ಹೊರವ್ಯಾಸ ಒಂದೂಕಾಲು ಇಂಚು, ಗೋಡೆ 1.6 ಮಿ.ಮೀ. ಇರುವ ಪೈಪು ಇದಕ್ಕೆ ಹೇಳಿ ಮಾಡಿಸಿದಂತಿದೆ.

ಅದೇ ಎಂಜಿನ್ನಿಗೆ ಒಂದೂವರೆ ಇಂಚಿನ ಪೈಪು ಹಾಕಿದರೆ? ಸೂತ್ರವನ್ನು ತಿರುಗಿಸಿ ನೋಡಿದರೆ ಟಾರ್ಕ್ 4700 ಆರ್‌ಪಿಎಂ ಆಸುಪಾಸಿಗೆ ಓಡುತ್ತದೆ. 41 ಮಿ.ಮೀ. ಪೈಪಾದರೆ 5500ಕ್ಕೂ ಮೇಲೆ. ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ಅಷ್ಟು ಆರ್‌ಪಿಎಂ ಮುಟ್ಟಿಸುವವರು ಯಾರು?

ನಾಲ್ಕರಿಂದ ನೇರ ಒಂದಕ್ಕೆ ಕೂಡುವ ಹೆಡರ್ ಮೇಲಿನ ಆರ್‌ಪಿಎಂಗೆ ಅನುಕೂಲ. ಜೀಪಿಗೆ ಬೇಕಾದದ್ದು 4-2-1, ಅಂದರೆ ನಾಲ್ಕು ಮೊದಲು ಎರಡಾಗಿ, ಆಮೇಲೆ ಒಂದಾಗಿ ಕೂಡುವುದು. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2 ಇರುವ ಎಂಜಿನ್ನಿನಲ್ಲಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಪಕ್ಕಪಕ್ಕದ 1-2, 3-4 ಕೂಡಿಸಿದರೆ ವೆಲ್ಡರಿಗೆ ಕೆಲಸ ಸುಲಭ, ಆದರೆ ಒಂದರ ಬೆನ್ನಿಗೇ ಇನ್ನೊಂದರ ಹೊಗೆ ಬಂದು ಡಿಕ್ಕಿ ಹೊಡೆಯುತ್ತದೆ, ಜೋಡಿ ಮಾಡಿದ್ದೇ ವ್ಯರ್ಥ. ಮೊದಲ ಕೊಳವೆಗಳು 35-40 ಸೆಂ.ಮೀ. ಉದ್ದವಿರಲಿ, ಒಂದಕ್ಕೊಂದು 25 ಮಿ.ಮೀ. ಹೆಚ್ಚುಕಡಿಮೆಯಾದರೆ ತಲೆಬಿಸಿ ಬೇಡ. ಎರಡನೇ ಹಂತಕ್ಕೆ 38 ಮಿ.ಮೀ., ಕೊನೆಯ ಪೈಪಿಗೆ 45 ಮಿ.ಮೀ. ಈ ಎಂಜಿನ್ನಿಗೆ ಸಾಕು.

ಲೋಹ

ಕರಾವಳಿಯಲ್ಲಿ ಹೆಡರನ್ನು ತಿನ್ನುವುದು ಹೊಗೆಯಲ್ಲ, ಉಪ್ಪುಗಾಳಿ ಮತ್ತು ಮಳೆ. 1.6 ಮಿ.ಮೀ. ಮೈಲ್ಡ್ ಸ್ಟೀಲ್ ಅಗ್ಗ, ಎಲ್ಲ ಗ್ಯಾರೇಜಿನಲ್ಲೂ ವೆಲ್ಡ್ ಆಗುತ್ತದೆ, ಬಾಳಿಕೆ ಕಡಿಮೆ. ಪಣಂಬೂರು, ಮಲ್ಪೆಯಂಥ ಕಡೆ ಗಾಡಿ ನಿಲ್ಲುವುದಾದರೆ 304 ಸ್ಟೇನ್‌ಲೆಸ್‌ಗೆ ಖರ್ಚು ಮಾಡುವುದೇ ಲೇಸು. ಡೇರಿ ಪೈಪ್‌ಲೈನಿಗೆ ಬಳಸುವ 304 ಬೆಂಡ್‌ಗಳು ರೆಡಿಮೇಡ್ ಸಿಗುತ್ತವೆ, ಒಳಗೆ ನುಣುಪು, ತಿರುವಿನಲ್ಲಿ ಚಪ್ಪಟೆಯಾಗಿರುವುದಿಲ್ಲ. ಸೈಲೆನ್ಸರ್ ಅಂಗಡಿಯ ಬೆಂಡಿಂಗ್ ಮೆಷಿನ್ನಿನಲ್ಲಿ ಬಗ್ಗಿಸಿದ ಪೈಪಾದರೆ ತಿರುವಿಗೆ ಕ್ಯಾಲಿಪರ್ ಇಟ್ಟು ನೋಡಿ. 32 ಇದ್ದದ್ದು 26 ಆಗಿದ್ದರೆ ವ್ಯಾಸದ ಲೆಕ್ಕವೆಲ್ಲ ನೀರುಪಾಲು.

ಹಾರ್ಡ್‌ವೇರ್ ಅಂಗಡಿಯ ಜಿ.ಐ. ನೀರಿನ ಪೈಪು ಮಾತ್ರ ಖಂಡಿತ ಬೇಡ. ಅದರ ಸತುವಿನ ಲೇಪ 420 ಡಿಗ್ರಿಗೆ ಕರಗುತ್ತದೆ, ವೆಲ್ಡಿಂಗಿನಲ್ಲಿ ಏಳುವ ಹೊಗೆ ವೆಲ್ಡರಿಗೆ ಜ್ವರ ತರಿಸುತ್ತದೆ.

ಸ್ಟೇನ್‌ಲೆಸ್‌ಗೂ ಒಂದು ಕೊರತೆ ಇದೆ, ಅದು ಹಿಗ್ಗುವುದು ಜಾಸ್ತಿ. 40 ಸೆಂ.ಮೀ. ಕೊಳವೆ 500 ಡಿಗ್ರಿಯಷ್ಟು ಕಾದಾಗ ಮೈಲ್ಡ್ ಸ್ಟೀಲ್ ಸುಮಾರು 2.5 ಮಿ.ಮೀ. ಉದ್ದವಾದರೆ 304 ಸುಮಾರು 3.5 ಮಿ.ಮೀ. ನಾಲ್ಕೂ ಕೊಳವೆ ಗಟ್ಟಿಯಾಗಿ ಬೆಸೆದಿದ್ದರೆ ಈ ಹಿಗ್ಗು ವೆಲ್ಡನ್ನೇ ಸೀಳುತ್ತದೆ. ಕಲೆಕ್ಟರಿನ ಬಳಿ ಒಂದರೊಳಗೊಂದು ಜಾರುವ ಜಾಯಿಂಟ್ ಇಡಿಸಿ.

ಹೆಡರಿಗೆ ಬಟ್ಟೆಯ ಪಟ್ಟಿ ಸುತ್ತುವ ಫ್ಯಾಷನ್ ನಮ್ಮ ಮಳೆಗೆ ಅಲ್ಲ. ಒದ್ದೆ ಪಟ್ಟಿ ಉಪ್ಪುನೀರನ್ನು ಕೊಳವೆಗೆ ಅಂಟಿಸಿಯೇ ಇಡುತ್ತದೆ; ಒಳಗೆ ಏನಾಗುತ್ತಿದೆ ಎಂದು ಬಿಚ್ಚುವ ತನಕ ಗೊತ್ತಾಗುವುದಿಲ್ಲ.

ಫ್ಲೇಂಜ್ ಮತ್ತು ವೆಲ್ಡಿಂಗ್

ಹೊಸ ಗ್ಯಾಸ್ಕೆಟನ್ನು ನಮೂನೆಯಾಗಿ ಹಿಡಿದು 10 ಮಿ.ಮೀ. ಪ್ಲೇಟಿನಲ್ಲಿ ಫ್ಲೇಂಜ್ (ಹೆಡರನ್ನು ಎಂಜಿನ್ ಹೆಡ್ಡಿಗೆ ಬಿಗಿಯುವ ದಪ್ಪ ತಗಡು) ಕತ್ತರಿಸಲು ಕೊಡಿ. ಬೈಕಂಪಾಡಿ ಅಥವಾ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಬಹುದು. ಫ್ಲೇಂಜಿನ ತೂತು ಹೆಡ್ಡಿನ ಪೋರ್ಟಿಗಿಂತ ಒಂದು ಮಿ.ಮೀ. ದೊಡ್ಡದಿದ್ದರೆ ನಡೆಯುತ್ತದೆ, ಕೂದಲೆಳೆಯಷ್ಟೂ ಚಿಕ್ಕದಿರಬಾರದು.

ಗಾಡಿಯ ಮೇಲೆ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡ್) ಮಾತ್ರ, ಅದೂ ಬ್ಯಾಟರಿ ಬಿಚ್ಚಿಟ್ಟು. ಪೂರ್ತಿ ವೆಲ್ಡ್ ಮಾಡುವಾಗ ಫ್ಲೇಂಜನ್ನು ಗುಜರಿಯಿಂದ ತಂದ ಹಳೇ ಹೆಡ್ಡಿಗೆ ಬೋಲ್ಟ್ ಹಾಕಿ ಬಿಗಿಯಿರಿ, ಒಂದೇ ಪೋರ್ಟನ್ನು ಸುತ್ತಿ ಮುಗಿಸದೆ ಆಚೆಗೊಂದು ಈಚೆಗೊಂದು ಹೊಲಿಯಿರಿ. ಸ್ಟೇನ್‌ಲೆಸ್ ಕೊಳವೆಯನ್ನು ಮೈಲ್ಡ್ ಸ್ಟೀಲ್ ಫ್ಲೇಂಜಿಗೆ ಬೆಸೆಯಲು 309ಎಲ್ ಫಿಲ್ಲರ್ ತಂತಿ, ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಆದರೆ 308ಎಲ್. ಕೊಳವೆಯ ಒಳಗೂ ಆರ್ಗಾನ್ ಅನಿಲ ಬಿಡಬೇಕು, ಇಲ್ಲದಿದ್ದರೆ ವೆಲ್ಡಿನ ಒಳಮೈ ಸಕ್ಕರೆ ಹರಳಿನಂತೆ ಒರಟಾಗಿ ಅಲ್ಲಿಂದಲೇ ಬಿರುಕು ಶುರು. ತಣಿದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ, 0.2 ಮಿ.ಮೀ.ಗಿಂತ ಹೆಚ್ಚು ಸಂದಿದ್ದರೆ ಲೇತ್ ಶಾಪಿನಲ್ಲಿ ಮಿಲ್ಲಿಂಗ್ ಮಾಡಿಸಬೇಕು. ಬೋಲ್ಟ್ ಬಿಗಿದೇ ಫ್ಲೇಂಜ್ ನೇರ ಮಾಡುತ್ತೇನೆಂದು ಹೊರಟರೆ ಸ್ಟಡ್ ಮುರಿಯುತ್ತದೆ.

ಎಂಜಿನ್ ಫ್ಯುಯೆಲ್ ಇಂಜೆಕ್ಷನ್ನಿನದಾದರೆ ಆಕ್ಸಿಜನ್ ಸೆನ್ಸರಿಗೆ ಎಂ18×1.5 ಎಳೆಯ ನಟ್ಟನ್ನು ನಾಲ್ಕೂ ಕೂಡಿದ ನಂತರದ ಜಾಗದಲ್ಲಿ, ಗಡಿಯಾರದ 10ರಿಂದ 2ರ ನಡುವೆ ಮೇಲ್ಮುಖವಾಗಿ ಬೆಸೆಯಿರಿ. ಕೆಳಮುಖವಾಗಿಟ್ಟರೆ ಪೈಪಿನೊಳಗಿನ ನೀರು ಕೂತು ಸೆನ್ಸರ್ ಸಾಯುತ್ತದೆ.

ಕೂರಿಸುವಾಗ

ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್, ತಾಮ್ರ ಲೇಪದ ನಟ್, ಎಳೆಗಳಿಗೆ ಆಂಟಿ-ಸೀಜ್ (ಕಚ್ಚಿಕೊಳ್ಳದಂತೆ ಹಚ್ಚುವ ಗ್ರೀಸ್). ಮಧ್ಯದಿಂದ ಹೊರಕ್ಕೆ ಎರಡು ಸುತ್ತಿನಲ್ಲಿ ಬಿಗಿಯಿರಿ. ಎಂಜಿನ್ ಮ್ಯಾನ್ಯುಯಲ್ ಹೇಳಿದ ಅಂಕಿಯೇ ಅಂತಿಮ, ಎಂ8 ಸ್ಟಡ್‌ಗಳಿಗೆ ಸಾಮಾನ್ಯವಾಗಿ 20-25 ನ್ಯೂಟನ್ ಮೀಟರ್. ಕಲೆಕ್ಟರಿನ ನಂತರ 100-150 ಮಿ.ಮೀ. ಉದ್ದದ ಫ್ಲೆಕ್ಸಿಬಲ್ ತುಂಡು ಹಾಕಲೇಬೇಕು. ಅದಕ್ಕಿಂತ ಮುಂಚೆ ಹೆಡರಿಗೆ ಆಧಾರ ಬೇಕಿದ್ದರೆ ಬ್ರಾಕೆಟ್ಟನ್ನು ಗೇರ್‌ಬಾಕ್ಸಿನ ಬೆಲ್ ಹೌಸಿಂಗಿಗೆ ಕಟ್ಟಿ, ಚಾಸಿಗೆ ಅಲ್ಲ. ಚಾಸಿ ಅಲ್ಲಾಡುವುದಿಲ್ಲ, ಎಂಜಿನ್ ಅಲ್ಲಾಡುತ್ತದೆ. ನಡುವೆ ಸಿಕ್ಕಿದ ವೆಲ್ಡ್ ಬಿಟ್ಟುಕೊಡುತ್ತದೆ. ಸೈಲೆನ್ಸರಿನ ಅತಿ ತಗ್ಗಿನ ಜಾಗದಲ್ಲಿ 3 ಮಿ.ಮೀ. ತೂತು ಕೊರೆದರೆ ನೀರು ನಿಲ್ಲದು.

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಕೂಡಲೇ ಸೈಲೆನ್ಸರಿನ ಬಾಯಿಗೆ ಒದ್ದೆ ಬಟ್ಟೆ ಅರ್ಧ ಒತ್ತಿ ಹಿಡಿದು ಜಾಯಿಂಟುಗಳಿಗೆ ಸಾಬೂನು ನೀರು ಚಿಮುಕಿಸಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಹೆಡರ್ ಕಾಯುವ ಮುನ್ನ ಮುಗಿಸಬೇಕಾದ ಕೆಲಸ ಇದು. ಎಂಜಿನ್ ಒಮ್ಮೆ ಪೂರ್ತಿ ಕಾದು, ಪೂರ್ತಿ ತಣಿದ ಮೇಲೆ ಎಲ್ಲ ನಟ್ ಮತ್ತೆ ಬಿಗಿಯಿರಿ, 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ. ಆಗ ಫ್ಲೇಂಜಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ನಟ್ ಬಿಗಿದು ಪ್ರಯೋಜನವಿಲ್ಲ, ಆ ಗ್ಯಾಸ್ಕೆಟ್ ಬದಲಿಸಬೇಕು.