ಕೂತು ನೋಡಿದ ನ್ಯೂಯಾರ್ಕ್

ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಮೊದಲ ದಿನ ಹೋದಾಗ ನಾನು ಮಾಡಿದ್ದು ಶುದ್ಧ ದಡ್ಡತನ. ಕೈಯಲ್ಲಿ ನಕ್ಷೆ ಹಿಡಿದು, ಒಂದು ಕೋಣೆಯನ್ನೂ ಬಿಡಬಾರದೆಂದು ಹಠ ತೊಟ್ಟು ಐದು ಗಂಟೆ ನಡೆದೆ. ರಾತ್ರಿ ರೂಮಿಗೆ ಬಂದು ಫೋನ್ ತೆರೆದರೆ ಇನ್ನೂರು ಚಿಲ್ಲರೆ ಫೋಟೊ. ಅರ್ಧಕ್ಕರ್ಧ ಯಾವುದು, ಎಲ್ಲಿಯದು ಅಂತ ನನಗೇ ಗೊತ್ತಾಗಲಿಲ್ಲ. ಚೆನ್ನಾಗಿ ನೆನಪಿದ್ದದ್ದು ಪಾದದ ನೋವೊಂದೇ.

ಮರುದಿನದಿಂದ ಲೆಕ್ಕ ಬದಲಿಸಿದೆ. ಒಂದು ಸಲಕ್ಕೆ ಎರಡೋ ಮೂರೋ ಕೃತಿ, ಒಂದೊಂದರ ಮುಂದೂ ಕಾಲು ಗಂಟೆ. ಪಕ್ಕದ ವಿವರಣೆಯ ಫಲಕ ಓದುವುದು ಕೊನೆಗೆ. ಮೊದಲೇ ಓದಿಬಿಟ್ಟರೆ ಕಣ್ಣು ಅಲ್ಲಿ ಬರೆದದ್ದನ್ನಷ್ಟೇ ಹುಡುಕುತ್ತದೆ. ಜೊತೆಗೆ ಒಂದು ಪೆನ್ಸಿಲ್, ಪುಟ್ಟ ನೋಟ್‌ಬುಕ್.

ಎಲ್ಲರೂ ಮೋಮಾ ಎನ್ನುವ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ವ್ಯಾನ್ ಗೋನ ‘ಸ್ಟಾರಿ ನೈಟ್’ ಮುಂದೆ ಯಾವಾಗಲೂ ಗುಂಪು. ಎತ್ತಿ ಹಿಡಿದ ಫೋನುಗಳ ಸಂದಿಯಲ್ಲಿ ಚಿತ್ರ ಇಣುಕಬೇಕು. ನಾನು ಪಕ್ಕಕ್ಕೆ ಸರಿದು ಗೋಡೆಯ ಕಡೆಯಿಂದ ಓರೆಯಾಗಿ ನೋಡಿದೆ. ಆಗ ಕಂಡದ್ದು ಬೇರೆಯೇ: ಬಣ್ಣ ಉತ್ತ ಹೊಲದ ಸಾಲಿನಂತೆ ದಿಬ್ಬ ದಿಬ್ಬವಾಗಿ ನಿಂತಿದೆ. 1889ರಲ್ಲಿ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ ಬಿಡಿಸಿದ್ದು. ಆಕಾಶ ಅವನ ಕೋಣೆಯ ಕಿಟಕಿಯದು, ಕೆಳಗಿನ ಊರು ಮಾತ್ರ ಅಲ್ಲಿಂದ ಕಾಣುತ್ತಲೇ ಇರಲಿಲ್ಲ, ಅವನೇ ಸೇರಿಸಿದ್ದು.

ಡಾಲಿಯ ಕರಗುವ ಗಡಿಯಾರಗಳ ಚಿತ್ರವನ್ನು ಗೋಡೆ ತುಂಬ ಇರುತ್ತದೆಂದೇ ಎಣಿಸಿದ್ದೆ. ಎದುರಾದದ್ದು 24 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲದ ತುಣುಕು, ಎ4 ಹಾಳೆಗಿಂತ ಎರಡು ಬೆರಳು ದೊಡ್ಡದು, ಅಷ್ಟೇ. ಬಗ್ಗಿ ನೋಡಿದರೆ ಎಡಮೂಲೆಯ ಕಿತ್ತಳೆ ಬಣ್ಣದ ಗಡಿಯಾರಕ್ಕೆ ಮುತ್ತಿದ ಇರುವೆಗಳು. ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದರೂ ಇದು ಗೊತ್ತಾಗುವುದಿಲ್ಲ, ಅಲ್ಲಿ ಎಲ್ಲ ಚಿತ್ರಕ್ಕೂ ಒಂದೇ ಅಳತೆ. ಮೋನೆಯ ತಾವರೆಕೊಳ ಇದಕ್ಕೆ ತದ್ವಿರುದ್ಧ. ಮೂರು ಫಲಕ ಸೇರಿ ಹನ್ನೆರಡು ಮೀಟರ್‌ಗೂ ಉದ್ದ. ಹತ್ತಿರ ಹೋದರೆ ಬರೀ ಗೀಚು, ಹಿಂದೆ ಸರಿದರೆ ನೀರು. ನಾನು ಹೀಗೆ ಹಿಂದೆ ಮುಂದೆ ಹೋಗಿಬರುತ್ತಿದ್ದರೆ ಒಂದು ಮಗು ಮೋನೆಯನ್ನು ಬಿಟ್ಟು ನನ್ನನ್ನೇ ನೋಡುತ್ತ ನಿಂತಿತು.

ಶುಕ್ರವಾರ ಸಂಜೆ ಮತ್ತೆ ಮೆಟ್ರೊಪಾಲಿಟನ್‌ಗೆ. ಅವತ್ತು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಆ ಸಲ ನೋಡಿದ್ದು ಒಂದೇ ಒಂದು: ಡೆಂಡೂರ್ ದೇವಾಲಯ. ಸುಮಾರು ಎರಡು ಸಾವಿರ ವರ್ಷದ ಹಿಂದೆ ನೈಲ್ ದಂಡೆಯಲ್ಲಿ ಕಟ್ಟಿದ ಮರಳುಗಲ್ಲಿನ ಗುಡಿ. ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗುತ್ತದೆಂದು ಕಲ್ಲು ಕಲ್ಲಾಗಿ ಬಿಚ್ಚಿದರು. ಈಜಿಪ್ಟ್ ಅದನ್ನು 1965ರಲ್ಲಿ ಅಮೆರಿಕಕ್ಕೆ ಕೊಟ್ಟಿತು. 661 ಪೆಟ್ಟಿಗೆಗಳಲ್ಲಿ ಹಡಗು ಹತ್ತಿ ಬಂದ ಗುಡಿ ಇಲ್ಲಿ ಜನರಿಗೆ ತೆರೆದದ್ದು 1978ರಲ್ಲಿ. ಮುಂದೆ ನೈಲ್‌ನ ನೆನಪಿಗೊಂದು ಕೊಳ, ಒಂದು ಬದಿಗೆ ಸೆಂಟ್ರಲ್ ಪಾರ್ಕ್ ಕಾಣುವ ದೊಡ್ಡ ಗಾಜಿನ ಗೋಡೆ. ಕತ್ತಲಾಗುತ್ತಿದ್ದಂತೆ ಗಾಜು ಕನ್ನಡಿಯಾಗಿ ಗುಡಿ ಎರಡಾಯಿತು.

ಗುಡಿಯ ಗೋಡೆಯ ಮೇಲೆ ಫೇರೋ, ಅಂದರೆ ಈಜಿಪ್ಟಿನ ದೊರೆಯ ವೇಷದಲ್ಲಿ ರೋಮಿನ ಚಕ್ರವರ್ತಿ ಆಗಸ್ಟಸ್ ಇದ್ದಾನೆ. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಹಳೆಯ ಪ್ರವಾಸಿಗಳು ಕೊರೆದ ಹೆಸರುಗಳ ಮುಂದೆ. ಒಬ್ಬ ‘ಎಲ್. ಬ್ರಾಡಿಶ್, ನ್ಯೂಯಾರ್ಕ್, 1821’ ಎಂದು ಕೆತ್ತಿದ್ದಾನೆ. ಅಲ್ಲಿಗೆ ಹೋಗಿ ಕಲ್ಲು ಕೆಡಿಸಿದವನ ಹೆಸರು, ಒಂದೂವರೆ ಶತಮಾನದ ಮೇಲೆ ಗುಡಿಯ ಸಮೇತ ಅವನೂರಿಗೇ ಬಂದಿದೆ! ಆ ಅಕ್ಷರಗಳನ್ನು ಪೆನ್ಸಿಲಿನಲ್ಲಿ ಹಾಗೆಹಾಗೇ ಇಳಿಸಿಕೊಳ್ಳುತ್ತಿದ್ದೆ. ‘ಬ್ರಾಡಿಶ್’ ಮುಗಿದಿತ್ತು, ಇಸವಿ ಬಾಕಿ, ಮುಚ್ಚುವ ಹೊತ್ತಾಯಿತೆಂದು ಕಾವಲಿನವರು ಬಂದರು.