ಒಂದು ಮೋರಿ ಹಿಡಿದು ಶುರು ಮಾಡಿ: ಮಳೆ, ಬಿಸಿಲಿಗೆ ನಿಮ್ಮ ವಾರ್ಡನ್ನು ಸಜ್ಜು ಮಾಡುವುದು ಹೇಗೆ

ಜೋರು ಮಳೆಗೆ ಮನೆಯೊಳಗೆ ನೀರು ನುಗ್ಗಿದ ರಾತ್ರಿ ಯಾರಿಗೆ ಫೋನ್ ಮಾಡುತ್ತೀರಿ? ಒಂದು ಕಚೇರಿಯವರು ಬಡಾವಣೆ ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಎನ್ನುತ್ತಾರೆ. ಇನ್ನೊಂದು ಕಡೆ ರಾಜಕಾಲುವೆ ನಮ್ಮದಲ್ಲ ಎನ್ನುತ್ತಾರೆ. ಅಷ್ಟರಲ್ಲಿ ಕರೆಂಟು ಹೋಗಿರುತ್ತದೆ, ಅದು ಮೂರನೆಯವರ ಕೆಲಸ. ರಸ್ತೆಗೆ ಮರ ಬಿದ್ದಿದ್ದರೆ ನಾಲ್ಕನೆಯವರು. ಇವರೆಲ್ಲ ಕೆಲಸ ಮಾಡುವವರೇ, ಆದರೆ ಒಬ್ಬರಿಗೊಬ್ಬರ ಪರಿಚಯ ಇರುವುದಿಲ್ಲ. ಹವಾಮಾನ ಕೈಕೊಟ್ಟಾಗ ಮೈಸೂರು ತಡೆದುಕೊಂಡು ನಿಲ್ಲಬೇಕಾದರೆ ಮೊದಲು ಈ ಪರಿಚಯ ಆಗಬೇಕು, ಅದೂ ಮಳೆ ಬರುವ ಮುಂಚೆ. ಮೇಲಿನವರು ಮಾಡಿಕೊಡಲಿ ಎಂದು ಕಾಯಬೇಡಿ. ವಾರ್ಡಿನಲ್ಲಿ ಐದಾರು ಜನ ಮನಸ್ಸು ಮಾಡಿದರೆ ಸಾಕು.

ನೀರಿನ ದಾರಿ ಹಿಡಿದು ನಡೆಯಿರಿ

ಇಡೀ ಊರಿಗೆ ಯೋಜನೆ ಹಾಕಲು ಹೋಗಬೇಡಿ. ನಿಮ್ಮ ಬೀದಿಯ ಮಳೆನೀರು ಹರಿಯುವ ಒಂದು ಮೋರಿ ಹಿಡಿದು, ಅದು ಯಾವ ಕೆರೆ ಸೇರುತ್ತದೋ ಅಲ್ಲಿವರೆಗೆ ನಡೆಯಿರಿ. ಮೈಸೂರು ಏರುತಗ್ಗಿನ ಊರು, ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ, ದಳವಾಯಿ ಕೆರೆಗಳೆಲ್ಲ ಹಾಗೆ ಹರಿದು ಬರುವ ನೀರು ನಂಬಿಕೊಂಡೇ ಇರುವುವು, ನಾವು ಸೈಟು ಮಾಡಿ ಮನೆ ಕಟ್ಟಿದರೂ ನೀರು ತನ್ನ ಹಳೇ ದಾರಿ ಬಿಡುವುದಿಲ್ಲ.

ನಡೆಯುವಾಗ ಪ್ರತಿ ಅಡ್ಡಮೋರಿಯ ಹತ್ತಿರ ಬಗ್ಗಿ ಟಾರ್ಚ್ ಹಾಕಿ ನೋಡಿ. ಹೊರಗಿಂದ ಬಾಯಿ ಅಗಲವಾಗೇ ಕಾಣುತ್ತದೆ. ಒಳಗೆ ಕುಡಿಯುವ ನೀರಿನ ಪೈಪು, ಇಂಟರ್ನೆಟ್ ಕೇಬಲ್ಲಿನ ಪೈಪು ಅಡ್ಡಡ್ಡ ಹಾದುಹೋಗಿರುತ್ತವೆ. ಅದಕ್ಕೊಂದು ಹಳೇ ಸೀರೆ ತುಂಡು ಸಿಕ್ಕಿಕೊಂಡಿರುತ್ತದೆ, ಸೀರೆಗೆ ಹಾಲಿನ ಕವರು, ಕವರಿಗೆ ಎಳನೀರು ಬುರುಡೆ, ಅದರ ಹಿಂದೆ ಮೊಣಕಾಲೆತ್ತರ ಹೂಳು. ಹೂಳು ತೆಗೆಸಿ ಫೋಟೋ ಹಾಕಿ ಖುಷಿಪಟ್ಟರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ, ಯಾಕೆಂದರೆ ಪೈಪು ಅಲ್ಲೇ ಇದೆ ಅಲ್ವಾ. ಅದನ್ನು ಸರಿಮಾಡಬೇಕಾದರೆ ನೀರಿನವರು, ಕೇಬಲ್ಲಿನವರು, ರಸ್ತೆಯವರು, ಮೋರಿ ತೆಗೆಯುವವರು ನಾಲ್ವರೂ ಒಂದೇ ಬೆಳಗ್ಗೆ ಆ ಮೋರಿಯ ಬಾಯಲ್ಲಿ ನಿಲ್ಲಬೇಕು. ಅವರನ್ನು ಅಲ್ಲಿಗೆ ತರುವುದೇ ನಿಮ್ಮ ಕೆಲಸ.

ನೀರು ಮೊದಲು ಎಲ್ಲಿ ನಿಲ್ಲುತ್ತದೆ ಎಂಬುದು ಕಚೇರಿಯ ನಕ್ಷೆಗಿಂತ ಬೀದಿಯವರಿಗೆ ಚೆನ್ನಾಗಿ ಗೊತ್ತು. ಬೆಳಗ್ಗೆ ಬರುವ ಪೌರಕಾರ್ಮಿಕ ಅಕ್ಕಂದಿರನ್ನು, ಲೈನ್‌ಮ್ಯಾನ್ ಅಣ್ಣನನ್ನು, ಮೂಲೆಯಲ್ಲಿ ಹೂ ಮಾರುವವರನ್ನು ಕೇಳಿ. ಹೋದ ಸಲ ನೀರು ಎಲ್ಲಿವರೆಗೆ ಬಂದಿತ್ತು ಎಂದು ಅವರು ಕೈಯಲ್ಲಿ ತೋರಿಸುತ್ತಾರೆ. ಅಲ್ಲೇ ಕಾಂಪೌಂಡ್ ಗೋಡೆಗೆ, ಮನೆಯವರನ್ನು ಕೇಳಿ, ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಇಂಜಿನಿಯರ್ ಬಂದಾಗ ಆ ಗೆರೆ ತೋರಿಸಿದರೆ ವಾದವೇ ಇರುವುದಿಲ್ಲ.

ಜಂಟಿ ಪರಿಶೀಲನೆಗೆ ಕರೆಯಿರಿ

ನೋಡಿದ್ದನ್ನೆಲ್ಲ ಒಂದೇ ಹಾಳೆಗೆ ತನ್ನಿ: ಯಾವ ಜಾಗ, ಏನಾಗುತ್ತದೆ, ಯಾರ ವ್ಯಾಪ್ತಿ. ವ್ಯಾಪ್ತಿ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಆ ಖಾಲಿ ಜಾಗವೇ ನಿಮ್ಮ ಮೊದಲ ಪ್ರಶ್ನೆ. ಆಮೇಲೆ ಪಾಲಿಕೆಯ ವಲಯ ಕಚೇರಿಗೆ ಪತ್ರ ಕೊಟ್ಟು ಜಂಟಿ ಪರಿಶೀಲನೆಗೆ ದಿನ ಕೇಳಿ, ಪ್ರತಿಯನ್ನು ಕರೆಂಟು ಕೊಡುವ ಚೆಸ್ಕಾಂ ಶಾಖೆಗೆ, ನೀರು ಮತ್ತು ಒಳಚರಂಡಿ (ಯುಜಿಡಿ) ನೋಡುವವರಿಗೆ, ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗದಿದ್ದರೆ ಅಭಿವೃದ್ಧಿ ಪ್ರಾಧಿಕಾರಕ್ಕೂ ಕೊಡಿ. ಟಪಾಲಿನಲ್ಲಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಮೊದಲ ದಿನವೇ ಕ್ಯಾಮೆರಾ ಕರೆದುಕೊಂಡು ಹೋಗಿ ಬೈಯಬೇಡಿ, ಬೈಸಿಕೊಂಡವರು ಎರಡನೇ ಸಲ ಬರುವುದಿಲ್ಲ. ಅದೇ ಸಂಜೆ ಅರ್ಧ ಪುಟ ನಡಾವಳಿ ಬರೆದು, ಯಾರು ಯಾವ ಕೆಲಸ ಯಾವ ದಿನದೊಳಗೆ ಮಾಡುತ್ತೇವೆ ಎಂದರು ಎಂಬುದನ್ನು ಎಲ್ಲರಿಗೂ ಕಳಿಸಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಈ ಅರ್ಧ ಪುಟಕ್ಕಿರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ.

ಕಲಿಸುವವರು ನಮ್ಮೂರಲ್ಲೇ ಇದ್ದಾರೆ. ಆಡಳಿತ ತರಬೇತಿ ಸಂಸ್ಥೆಯ ವಿಪತ್ತು ನಿರ್ವಹಣಾ ಕೇಂದ್ರ, ನಗರಾಡಳಿತದವರಿಗೆ ತರಬೇತಿ ಕೊಡುವ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಎರಡೂ ಮೈಸೂರಿನಲ್ಲೇ ಇವೆ. ನಿಮ್ಮ ವಾರ್ಡಿನ ಸಿಬ್ಬಂದಿ ಜೊತೆ ನಿಮಗೂ ಒಂದು ದಿನದ ತರಬೇತಿ ಸಿಗುತ್ತದಾ ಎಂದು ಪತ್ರ ಬರೆದು ಕೇಳಿ. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗಕ್ಕೂ ಹೋಗಿ, ಲೆವೆಲ್ ತೆಗೆದು ಮೋರಿಯ ಇಳಿಜಾರು ಹೇಳುವುದು ಹುಡುಗರಿಗೆ ಒಳ್ಳೆಯ ಪ್ರಾಜೆಕ್ಟ್. ಮಂಡ್ಯದವರಾದರೆ ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂ ಇದೆಯಲ್ಲ, ಮಳೆ ಮತ್ತು ಮಣ್ಣಿನ ವಿಷಯಕ್ಕೆ ಅವರನ್ನು ಕೇಳಿ.

ಯಾವಾಗ ಏನು

ಇಲ್ಲಿ ಬಹಳ ಕಡೆ ತಪ್ಪುತ್ತದೆ. ಮುಂಗಾರು ಜೂನ್‌ನಲ್ಲಿ ತಾನೇ ಎಂದು ಮೇ ಕೊನೆಯಲ್ಲಿ ಹೂಳು ತೆಗೆಸುತ್ತಾರೆ. ಆದರೆ ಮೈಸೂರಿಗೆ ಜಾಸ್ತಿ ಮಳೆ ಬೀಳುವುದು ಮೇ ಮತ್ತು ಅಕ್ಟೋಬರ್ ಆಸುಪಾಸು. ಚಾಮುಂಡಿ ಬೆಟ್ಟದಲ್ಲಿ ನಂದಿ ಕಡೆಯ ರಸ್ತೆ ಕುಸಿದದ್ದು 2021ರ ಅಕ್ಟೋಬರ್‌ನಲ್ಲಿ. ಹಾಗಾಗಿ ಮೋರಿ ಒಂದು ಸಲ ಮಾರ್ಚ್ ಏಪ್ರಿಲ್‌ನಲ್ಲಿ, ಇನ್ನೊಂದು ಸಲ ಆಗಸ್ಟ್‌ನಲ್ಲಿ ಆಗಬೇಕು. ಒಣಕೊಂಬೆ ಕಡಿಸುವುದು ಏಪ್ರಿಲ್ ಗಾಳಿಮಳೆಗೆ ಮುಂಚೆ. ದುಡ್ಡು ಕೇಳುವುದು ಪಾಲಿಕೆ ಬಜೆಟ್ ಆಗುವ ಮೊದಲು, ಅಂದರೆ ಡಿಸೆಂಬರ್ ಜನವರಿಯಲ್ಲೇ.

ಮನೆಗಳ ಪಾಲೂ ಇದೆ. ಒಂದು ಚದರ ಮೀಟರ್ ತಾರಸಿ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 30-40 ಅಡಿ ಸೈಟು ಸುಮಾರು 111 ಚದರ ಮೀಟರ್. ಅಷ್ಟಗಲಕ್ಕೆ 10 ಮಿ.ಮೀ. ಮಳೆ ಬಂದರೆ 1,100 ಲೀಟರ್ ಆಯಿತು. ನೂರು ಮನೆ ಎಂದರೆ ಒಂದು ಲಕ್ಷ ಲೀಟರ್ ಮೇಲೆ, ಅದೂ ಒಂದೇ ಮೋರಿಗೆ. ಅದರಲ್ಲಿ ಅರ್ಧದಷ್ಟನ್ನಾದರೂ ಸಂಪಿಗೋ ಇಂಗುಗುಂಡಿಗೋ ತಿರುಗಿಸಿದರೆ ಕೆಳಬೀದಿಯವರ ಮನೆ ಉಳಿಯುತ್ತದೆ, ಬೇಸಿಗೆಯಲ್ಲಿ ನಿಮ್ಮ ಬೋರ್‌ವೆಲ್ಲೂ ಉಳಿದೀತು.

ಬಿಸಿಲಿಗೂ ಇದೇ ದಾರಿ. 2010ರ ಬಿಸಿಗಾಳಿಗೆ ಬಹಳ ಜನರನ್ನು ಕಳೆದುಕೊಂಡ ಅಹಮದಾಬಾದ್ 2013ರಲ್ಲಿ ಬಿಸಿಲು ಎದುರಿಸಲು ಯೋಜನೆ ಮಾಡಿಕೊಂಡಿತು. ಹವಾಮಾನದ ಮುನ್ಸೂಚನೆ ಪಾಲಿಕೆಗೆ, ಅಲ್ಲಿಂದ ಆಸ್ಪತ್ರೆ, ಆಂಬುಲೆನ್ಸ್, ಜನರಿಗೆ ತಲುಪುವ ಸರಪಳಿ ಅದರ ಜೀವಾಳ. ನಿಮ್ಮ ವಾರ್ಡಿನಲ್ಲಿ ಶೀಟಿನ ಮನೆಯಲ್ಲಿರುವ ವಯಸ್ಸಾದವರು ಯಾರ್‍ಯಾರು ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಏಪ್ರಿಲ್‌ನಲ್ಲಿ ಅವರ ಜೊತೆ ಕೂತು ಯಾರ ಮನೆಗೆ ಯಾರು ಹೋಗಿ ನೋಡಬೇಕು ಎಂದು ಹಂಚಿಕೊಳ್ಳಿ.

ವಾರ್ಡಿನ ಗಡಿಗೇ ನಿಲ್ಲಿಸಬೇಡಿ. ನಿಮ್ಮ ಮೋರಿಯ ನೀರು ಸೇರುವ ಕೆರೆ ಕೋಡಿ ಬಿದ್ದರೆ ಕೆಳಗಿನ ಹಳ್ಳಿಯ ಗದ್ದೆಗೆ ಹೋಗುತ್ತದೆ, ಅದರಲ್ಲಿ ನಮ್ಮ ಕೊಳಚೆಯೂ ಇರುತ್ತದೆ. ಕುಡಿಯುವ ನೀರಿಗೆ ನಾವು ಕಾವೇರಿ, ಕಬಿನಿ ನಂಬಿದ್ದೇವೆ. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ಅಣೆಕಟ್ಟೆ ತುಂಬಿದಾಗಿನ ಮಟ್ಟ 124.80 ಅಡಿ ಮುಟ್ಟದಿದ್ದಾಗ ಮಂಡ್ಯದ ರೈತರಿಗೂ ನಮಗೂ ಆತಂಕ ಒಂದೇ ಆಗಿತ್ತು. ಕೆಳಹಳ್ಳಿಯ ಪಂಚಾಯಿತಿಯವರನ್ನೂ ಗದ್ದೆಗೆ ನೀರು ಬಿಡುವ ನೀರಗಂಟಿಯನ್ನೂ ಪರಿಶೀಲನೆಗೆ ಕರೆಯಿರಿ. ತೂಬು, ಕೋಡಿ ಬಗ್ಗೆ ಅವರಷ್ಟು ತಿಳಿದವರು ಸಿಗುವುದು ಕಷ್ಟ.

ವಾಟ್ಸಾಪ್ ಗುಂಪು ಒಂದು ಸಾಕು, ಅದರಲ್ಲಿ ಶುಭೋದಯ, ರಾಜಕೀಯ ಬೇಡ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ವಿದ್ಯುತ್ತಿನ 1912 ಮೇಲೆ ಪಿನ್ ಆಗಿರಲಿ. ಇಂಜಿನಿಯರ್‌ಗಳು ವರ್ಗ ಆಗುತ್ತಿರುತ್ತಾರೆ. ಹೊಸಬರು ಬಂದ ವಾರದಲ್ಲೇ ಹಾಳೆ, ನಡಾವಳಿ ಎರಡರ ಪ್ರತಿ ಕೊಟ್ಟು, ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ ಸರ್ ಎಂದು ಕೇಳಿ, ಅದೇ ಮೋರಿಯ ಗುಂಟ ಅವರ ಜೊತೆ ಇನ್ನೊಮ್ಮೆ ನಡೆಯಿರಿ.